ಕ್ಯಾಲಿಬರ್ ಆಯ್ಕೆ: ಲಿವರ್ ರೈಫಲು ಮತ್ತು ಗಿಡ್ಡ ಪಿಸ್ತೂಲು

ಬಂದೂಕಿನ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ರೂಢಿಯಲ್ಲಿ ಆ ಬಂದೂಕಿಗೆ ಹಾಕುವ ತೋಟಾದ ಹೆಸರೂ ಅದೇ ಆಗಿದೆ. ಲಿವರ್ ರೈಫಲು 19ನೇ ಶತಮಾನದ ನಡುವೆ ಅಮೆರಿಕದಲ್ಲಿ ಹುಟ್ಟಿದ ಉದ್ದ ಬಂದೂಕು. ಟ್ರಿಗರಿನ ಸುತ್ತ ಇರುವ ಸನ್ನೆಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆದರೆ ಮದ್ದು ಉರಿದು ಖಾಲಿಯಾದ ಲೋಹದ ಕೋಶ, ಅಂದರೆ ಕೇಸು, ಹೊರಬಿದ್ದು ಹೊಸ ತೋಟಾ ಒಳಗೆ ಕೂರುತ್ತದೆ. ಗಿಡ್ಡ ಪಿಸ್ತೂಲು ಉಡುಪಿನ ಮರೆಯಲ್ಲಿ ಮೈಮೇಲೆ ಒಯ್ಯಲೆಂದು ಮಾಡಿದ ಕೈಬಂದೂಕು. ಒಂದು ಕಾಡಿಗೂ ಬಯಲಿಗೂ ಸೇರಿದ್ದು, ಇನ್ನೊಂದು ಪೇಟೆಯದು. ಆದರೂ ಎರಡರ ಚರಿತ್ರೆಯಲ್ಲಿ ಒಂದೇ ಸತ್ಯ ಮತ್ತೆ ಮತ್ತೆ ಎದುರಾಗುತ್ತದೆ: ತೋಟಾದ ಬಲ ಅದರ ಹೆಸರಿನಲ್ಲಿಲ್ಲ. ಯಾವ ಯಂತ್ರದಲ್ಲಿ, ಎಷ್ಟು ಉದ್ದದ ನಳಿಗೆಯಲ್ಲಿ, ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಅದನ್ನು ಬಳಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹೆಸರುಗಳು ಹೇಳುವುದೇನು

ತೋಟಾಗಳ ಹೆಸರಿಗೆ ಒಂದೇ ನಿಯಮವಿಲ್ಲ. ಕರಿಮದ್ದಿನ ಕಾಲದ ಅಮೆರಿಕದಲ್ಲಿ ಮೊದಲ ಅಂಕಿ ಅಂಗುಲದ ನೂರನೇ ಭಾಗಗಳಲ್ಲಿ ವ್ಯಾಸವನ್ನೂ, ಎರಡನೆಯದು ಗ್ರೇನ್ ಲೆಕ್ಕದಲ್ಲಿ ಮದ್ದಿನ ತೂಕವನ್ನೂ ಸೂಚಿಸುತ್ತಿತ್ತು. .44-40 ಎಂದರೆ .44 ಅಂಗುಲದ ತೋಟಾ, 40 ಗ್ರೇನ್ ಮದ್ದು. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ .45-70ಕ್ಕೂ ಇದೇ ಲೆಕ್ಕ. ಅದರ ಮೂಲ ಗುಂಡು 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಹೊಗೆರಹಿತ ಮದ್ದು ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ಕಡಿಮೆ ತೂಕದ ಹೊಸ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತಿದ್ದುದರಿಂದ ಎರಡನೇ ಅಂಕಿ ನೋಡಿ ಬಲವನ್ನು ಅಳೆಯುವುದು ಸಾಧ್ಯವಾಗದೆ ಹೋಯಿತು.

ವ್ಯಾಸದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. .38 ಸ್ಪೆಷಲ್ ತೋಟಾದ ಗುಂಡು ವಾಸ್ತವದಲ್ಲಿ .357 ಅಂಗುಲ ದಪ್ಪ. ಅದೇ ಗುಂಡನ್ನು ಉದ್ದನೆಯ ಕೇಸಿನಲ್ಲಿ ಹೆಚ್ಚು ಒತ್ತಡಕ್ಕೆ ತುಂಬಿದರೆ .357 ಮ್ಯಾಗ್ನಮ್. 9 ಮಿ.ಮೀ. ಲೂಗರ್ ಮತ್ತು .380 ಎಸಿಪಿ ಎಂಬ ಪಿಸ್ತೂಲ್ ತೋಟಾಗಳ ಗುಂಡುಗಳ ವ್ಯಾಸ ಹೆಚ್ಚುಕಡಿಮೆ ಒಂದೇ ಆದರೂ ಮೊದಲನೆಯದರ ಶಕ್ತಿ ಎರಡನೆಯದರ ಒಂದೂವರೆ ಪಟ್ಟಿಗಿಂತ ಹೆಚ್ಚು.

ಕೇಸಿನ ಬುಡದ ರೂಪವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಹೊರಕ್ಕೆ ಚಾಚಿದ ಅಂಚಿರುವ ತೋಟಾ ರಿವಾಲ್ವರಿನ ಕೋಣೆಯಲ್ಲಿ ಜಾರದೆ ನಿಲ್ಲುತ್ತದೆ, ಕೇಸನ್ನು ಹೊರಗೆಳೆಯುವ ಲಿವರ್ ರೈಫಲಿನ ಕೊಕ್ಕೆಗೂ ಹಿಡಿತ ಕೊಡುತ್ತದೆ. ಪಿಸ್ತೂಲಿನ ಹಿಡಿಯೊಳಗೆ ತೋಟಾಗಳನ್ನು ಜೋಡಿಸಿಡುವ ಪೆಟ್ಟಿಗೆ ಮ್ಯಾಗಜಿನ್ನಿನಲ್ಲಿ ಅಂಥ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಕಾರಣ ಅಲ್ಲಿ ಅಂಚಿಲ್ಲದ ಅಥವಾ ತೀರ ಕಿರಿದಾದ ಅಂಚಿನ ತೋಟಾಗಳು ನೆಲೆಯಾದವು. ಲಿವರ್ ರೈಫಲು ಸಾಮಾನ್ಯವಾಗಿ ರಿವಾಲ್ವರಿನ ತೋಟಾವನ್ನು ಹಂಚಿಕೊಂಡಿದ್ದಕ್ಕೂ ಪಿಸ್ತೂಲಿನ ತೋಟಾವನ್ನು ಹಂಚಿಕೊಳ್ಳದಿದ್ದುದಕ್ಕೂ ಈ ಸಣ್ಣ ಅಂಚೇ ಮುಖ್ಯ ಕಾರಣ.

ಲಿವರ್ ರೈಫಲಿನ ಹುಟ್ಟು

ನ್ಯೂಯಾರ್ಕಿನ ವಾಲ್ಟರ್ ಹಂಟ್ 1848ರಲ್ಲಿ ಟೊಳ್ಳು ಗುಂಡಿನೊಳಗೇ ಮದ್ದು ತುಂಬಿದ ರಾಕೆಟ್ ಬಾಲ್ ಎಂಬ ತೋಟಾಕ್ಕೆ ಪೇಟೆಂಟ್ ಪಡೆದ. ಮರುವರ್ಷ ಅದನ್ನು ಸುಡುವ ರೈಫಲಿಗೂ ಪೇಟೆಂಟ್ ದೊರೆಯಿತು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳನ್ನು ಸಾಲಾಗಿ ಇಡುವ ಕಲ್ಪನೆ ಅದರಲ್ಲಿತ್ತು. ಲೂಯಿಸ್ ಜೆನ್ನಿಂಗ್ಸ್ ಇದನ್ನು ಸುಧಾರಿಸಿದ. ಹೋರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಮುಂದುವರಿಸಿದ ಈ ಕೆಲಸ 1855ರಲ್ಲಿ ವಾಲ್ಕ್ಯಾನಿಕ್ ಕಂಪನಿಯ ಪಿಸ್ತೂಲು ಮತ್ತು ಕಾರ್ಬೈನುಗಳಾಗಿ ಮಾರುಕಟ್ಟೆಗೆ ಬಂತು. ಯಂತ್ರ ಜಾಣತನದ್ದಾಗಿದ್ದರೂ ತೋಟಾ ಬಡಕಲು. ಗುಂಡಿನ ಹೊಟ್ಟೆಯಲ್ಲಿ ಹಿಡಿಸುವಷ್ಟು ಮದ್ದು ಸಾಲುತ್ತಿರಲಿಲ್ಲ, ಹಿಂಬದಿಯಿಂದ ಅನಿಲ ಸೋರುತ್ತಿತ್ತು.

ಕಂಪನಿಯಲ್ಲಿ ಹಣ ಹೂಡಿದ್ದ ಅಂಗಿ ತಯಾರಕ ಆಲಿವರ್ ವಿಂಚೆಸ್ಟರ್ ಅದನ್ನು ಕೊಂಡುಕೊಂಡು ನ್ಯೂ ಹೇವನ್ ಆರ್ಮ್ಸ್ ಕಂಪನಿಯಾಗಿ ಕಟ್ಟಿದ. ಅಲ್ಲಿನ ಮೇಲ್ವಿಚಾರಕ ಬೆಂಜಮಿನ್ ಟೈಲರ್ ಹೆನ್ರಿ ಮೊದಲು ಕೈಹಾಕಿದ್ದು ತೋಟಾಕ್ಕೆ. ಬುಡದ ಅಂಚಿಗೆ ಪೆಟ್ಟು ಬಿದ್ದಾಗ ಸಿಡಿಯುವ, ಲೋಹದ ಕೇಸಿನ .44 ರಿಮ್‌ಫೈರ್ ತೋಟಾ ಸಿದ್ಧವಾದ ಮೇಲೆ ಅದಕ್ಕೆ ತಕ್ಕಂತೆ ಯಂತ್ರ ತಿದ್ದಿ, 1860ರ ಅಕ್ಟೋಬರ್ 16ರಂದು ಪೇಟೆಂಟ್ ಪಡೆದ. ಕೊಳವೆಯಲ್ಲಿ 15, ಕೋಣೆಯಲ್ಲಿ 1, ಒಟ್ಟು 16 ತೋಟಾ ಹಿಡಿಯುತ್ತಿದ್ದ ಹೆನ್ರಿ ರೈಫಲು ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿತು. ಸುಮಾರು 14 ಗ್ರಾಂ ಗುಂಡನ್ನು ಸೆಕೆಂಡಿಗೆ 340 ಮೀಟರಿನ ಆಸುಪಾಸಿನಲ್ಲಿ ಎಸೆಯುತ್ತಿದ್ದ ಅದರ ತೋಟಾ ಆ ಕಾಲದ ಒಂಟಿ ಹೊಡೆತದ ಸೈನಿಕ ರೈಫಲಿಗಿಂತ ದುರ್ಬಲವಾಗಿತ್ತು. ಮೊಣಕಾಲಿನ ಹಾಗೆ ಮಡಚಿ ಬಿಚ್ಚುವ ಅದರ ಟಾಗಲ್ ಕೀಲು ಹೆಚ್ಚು ಒತ್ತಡ ತಡೆಯುವಂಥದ್ದಲ್ಲ. ವೇಗವಾಗಿ ಸುಡುವ ಸೌಕರ್ಯಕ್ಕೆ ಬಲವನ್ನು ಬಿಟ್ಟುಕೊಡುವ ಈ ಒಪ್ಪಂದ ಲಿವರ್ ರೈಫಲಿನ ಮೊದಲ ಕಾಲು ಶತಮಾನವನ್ನು ಆಳಿತು.

1866ರಲ್ಲಿ ಕಂಪನಿ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಎಂಬ ಹೆಸರು ತಳೆಯಿತು. ಅದೇ ವರ್ಷದ ಮಾದರಿಯಲ್ಲಿ ನೆಲ್ಸನ್ ಕಿಂಗ್ ಪಕ್ಕದಿಂದ ತೋಟಾ ತುಂಬುವ ಬಾಗಿಲು ಅಳವಡಿಸಿದ. 1877ರಲ್ಲಿ ಪ್ಲೆವ್ನಾ ಮುತ್ತಿಗೆಯಲ್ಲಿ ತುರ್ಕರು ಈ ರೈಫಲುಗಳಿಂದ ರಷ್ಯನ್ ದಾಳಿಕಾರರನ್ನು ತಡೆದ ಬಗೆ ಯೂರೋಪಿನ ಸೇನಾಪತಿಗಳ ಕಣ್ಣು ತೆರೆಸಿತು.

ಒಂದು ತೋಟಾ, ಎರಡು ಆಯುಧ

ವಿಂಚೆಸ್ಟರಿನ 1873ರ ಮಾದರಿಯೊಂದಿಗೆ ಬಂದ .44-40 ಆ ಕಂಪನಿಯ ಮೊದಲ ಸೆಂಟರ್‌ಫೈರ್ ತೋಟಾ. ಮದ್ದಿಗೆ ಕಿಡಿ ತಾಗಿಸುವ ಕೇಪು ಬುಡದ ನಡುವೆ ಕೂರುವುದರಿಂದ ಕೇಸಿನ ಗೋಡೆಯನ್ನು ದಪ್ಪ ಮಾಡಬಹುದಾಯಿತು, ಬಳಸಿದ ಕೇಸಿಗೆ ಮತ್ತೆ ಮದ್ದು ತುಂಬಿಕೊಳ್ಳಲೂ ಸಾಧ್ಯವಾಯಿತು. ದೂರದ ಹಳ್ಳಿಗಳಲ್ಲಿ ನೆಲೆಸಿದವರಿಗೆ ಇದು ಬಲಕ್ಕಿಂತ ಮುಖ್ಯವಾದ ಗುಣ. 1870ರ ದಶಕ ಮುಗಿಯುವ ಹೊತ್ತಿಗೆ ಕೋಲ್ಟ್ ಕಂಪನಿ ತನ್ನ ಸಿಂಗಲ್ ಆಕ್ಷನ್ ರಿವಾಲ್ವರನ್ನು ಇದೇ ತೋಟಾಕ್ಕೆ ಮಾಡಿಕೊಟ್ಟಿತು. ಸೊಂಟಪಟ್ಟಿಯ ತೋಟಾ ರೈಫಲಿಗೂ ಆಯಿತು, ರಿವಾಲ್ವರಿಗೂ ಆಯಿತು. ನಂತರ .38-40 ಮತ್ತು .32-20 ಕೂಡ ಹೀಗೆಯೇ ಜೋಡಿಯಾದವು. 1923ರವರೆಗೆ 7 ಲಕ್ಷಕ್ಕೂ ಹೆಚ್ಚು 1873ರ ರೈಫಲುಗಳು ತಯಾರಾದವು.

ಇಂದು ಪಶ್ಚಿಮದ ಕತೆಗಳಿಗೆ ಅಂಟಿಕೊಂಡಿರುವ .45 ಕೋಲ್ಟ್ ಈ ಜೋಡಿಯಲ್ಲಿ ಇರಲಿಲ್ಲ. ಅದರ ಅಂದಿನ ಕೇಸಿನ ಅಂಚು ತೀರ ಕಿರಿದು, ಲಿವರ್ ರೈಫಲಿನ ಕೊಕ್ಕೆಗೆ ಹಿಡಿತ ಸಿಗುವಂತಿರಲಿಲ್ಲ. ಆ ಕ್ಯಾಲಿಬರಿನ ಲಿವರ್ ರೈಫಲುಗಳೆಲ್ಲ 20ನೇ ಶತಮಾನದ ಉತ್ತರಾರ್ಧದಿಂದ ಈಚೆಗಿನ ಸೃಷ್ಟಿ.

ಬ್ರೌನಿಂಗ್, ಹೊಗೆರಹಿತ ಮದ್ದು, .30-30

ಟಾಗಲ್ ಕೀಲಿನ ಮಿತಿಯನ್ನು ದಾಟಿಸಿದವನು ಯೂಟಾದ ಜಾನ್ ಬ್ರೌನಿಂಗ್. ಅವನು ರೂಪಿಸಿದ 1886ರ ವಿಂಚೆಸ್ಟರಿನಲ್ಲಿ ಎರಡು ಉಕ್ಕಿನ ಅಗುಳಿಗಳು ನೆಟ್ಟಗೆ ಮೇಲಕ್ಕೆದ್ದು, ಕೋಣೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಬಿಗಿಹಿಡಿಯುತ್ತವೆ. .45-70ರಂಥ ದೊಡ್ಡ ತೋಟಾ ಅದರಲ್ಲಿ ನಿರಾತಂಕವಾಗಿ ಕೂತಿತು. 1892ರ ಮಾದರಿ ಇದೇ ಬೀಗವನ್ನು ಕಿರಿದು ಮಾಡಿ .44-40 ಕುಟುಂಬದ ಪುಟ್ಟ ತೋಟಾಗಳಿಗೆ ಹೊಂದಿಸಿತು. 1894ರ ಮಾದರಿ ಮೊದಲು ಕರಿಮದ್ದಿನ ತೋಟಾಗಳೊಂದಿಗೆ ಬಂದರೂ 1895ರಲ್ಲಿ ನಿಕ್ಕಲ್ ಉಕ್ಕಿನ ನಳಿಗೆ ಮತ್ತು .30 ವಿಂಚೆಸ್ಟರ್ ತೋಟಾದೊಂದಿಗೆ ಅದರ ನಿಜವಾದ ಬಾಳು ಆರಂಭವಾಯಿತು. ಈ ತೋಟಾಕ್ಕೆ ಬೇಗನೆ .30-30 ಎಂಬ ಹೆಸರು ನಿಂತಿತು.

ಹೊಗೆರಹಿತ ಮದ್ದಿನ ಅಮೆರಿಕನ್ ಬೇಟೆ ತೋಟಾಗಳಲ್ಲಿ .30-30 ಆರಂಭದ್ದು. ಇಂದಿನ ಸಾಮಾನ್ಯ ತುಂಬಿಕೆಯಲ್ಲಿ 11 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೊರಡುತ್ತದೆ. ಮರಗಳ ನಡುವೆ 100ರಿಂದ 150 ಮೀಟರ್ ದೂರದಲ್ಲಿ ಕಾಣುವ ಅಲ್ಲಿನ ಜಿಂಕೆಗೆ ಅದು ಸಾಕಷ್ಟಾಯಿತು, ಹೆಗಲಿಗೆ ಬೀಳುವ ಒದೆತ ಮಿತವಾಗಿತ್ತು, ರೈಫಲು ಚಪ್ಪಟೆಯಾಗಿ ಹಗುರವಾಗಿತ್ತು. 70 ಲಕ್ಷಕ್ಕಿಂತ ಹೆಚ್ಚು 1894 ವಿಂಚೆಸ್ಟರುಗಳು ಮಾರಾಟವಾದದ್ದು ಈ ಹದವರಿತ ಹೊಂದಾಣಿಕೆಯಿಂದ. ಪ್ರತಿಸ್ಪರ್ಧಿ ಮಾರ್ಲಿನ್ ಕಂಪನಿಯ 336 ಮಾದರಿಯೂ 1948ರಿಂದ ಮುಖ್ಯವಾಗಿ .30-30 ಮತ್ತು .35 ರೆಮಿಂಗ್ಟನ್ ತೋಟಾಗಳ ಮೇಲೆಯೇ ಬದುಕಿತು.

ಕೊಳವೆ ಮ್ಯಾಗಜಿನ್ನಿನ ಕಟ್ಟುಪಾಡು

ಕೊಳವೆಯಲ್ಲಿ ಒಂದು ತೋಟಾದ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿಕೊಂಡೇ ಇರುತ್ತದೆ. ಗುಂಡಿನ ಮೂತಿ ಚೂಪಾಗಿದ್ದರೆ ಒದೆತದ ಜಗ್ಗಾಟಕ್ಕೆ ಕೇಪು ಚುಚ್ಚಿ ಕೊಳವೆಯೊಳಗೇ ತೋಟಾ ಸಿಡಿಯುವ ಅಪಾಯವಿದೆ. ಆದ್ದರಿಂದ ಲಿವರ್ ರೈಫಲಿನ ಗುಂಡುಗಳು ಚಪ್ಪಟೆ ಅಥವಾ ಗುಂಡುಮೂತಿಯವಾಗಿಯೇ ಉಳಿದವು. ಫ್ರಾನ್ಸ್ 1898ರಲ್ಲಿಯೂ ಜರ್ಮನಿ 1905ರಲ್ಲಿಯೂ ಸೈನ್ಯಕ್ಕೆ ಚೂಪು ಗುಂಡು ತಂದಾಗ ದೂರದ ಗುರಿಯಲ್ಲಿ ಬೋಲ್ಟ್ ರೈಫಲು ಮುಂದೆ ಹೋಯಿತು. ಚಪ್ಪಟೆ ಮೂತಿ ಗಾಳಿಯನ್ನು ಎದುರಿಸಿ ಬೇಗ ವೇಗ ಕಳೆದುಕೊಳ್ಳುವುದರಿಂದ ಲಿವರ್ ರೈಫಲು ಹತ್ತಿರದ ಬೇಟೆಯ ಆಯುಧವಾಗಿ ನೆಲೆಗೊಂಡಿತು.

ಈ ಕಟ್ಟುಪಾಡನ್ನು ದಾಟುವ ಯತ್ನಗಳೂ ನಡೆದವು. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ತನ್ನ 1899ರ ರೈಫಲಿನಲ್ಲಿ ಕೊಳವೆಯ ಬದಲು ತಿರುಗುವ ಚಕ್ರಾಕಾರದ ಮ್ಯಾಗಜಿನ್ ಇಟ್ಟ. 1915ರಲ್ಲಿ ಅದಕ್ಕೆ ಬಂದ .250-3000 ಎಂಬ ತೋಟಾದ ಹೆಸರಿನಲ್ಲಿರುವ 3000 ಸೆಕೆಂಡಿಗೆ ಅಷ್ಟು ಅಡಿ ವೇಗದ ಸೂಚನೆ. ನಂತರ ಇದೇ ರೈಫಲು .308 ವಿಂಚೆಸ್ಟರನ್ನೂ ಅರಗಿಸಿಕೊಂಡಿತು. ಬ್ರೌನಿಂಗ್ ಕಂಪನಿಯ ಬಿಎಲ್‌ಆರ್ ಪೆಟ್ಟಿಗೆ ಮ್ಯಾಗಜಿನ್ ಮತ್ತು ತಿರುಗುವ ಬೋಲ್ಟಿನಿಂದ ಆಧುನಿಕ ತೋಟಾಗಳನ್ನು ಲಿವರಿಗೆ ತಂದಿತು. ಹಾರ್ನಡಿ ಕಂಪನಿ 2006ರ ಸುಮಾರಿಗೆ ಮೆತ್ತನೆಯ ಪಾಲಿಮರ್ ಮೂತಿಯ ಚೂಪು ಗುಂಡು ತಯಾರಿಸಿದಾಗ ಸಮಸ್ಯೆಗೆ ಬೇರೊಂದು ಉತ್ತರ ಸಿಕ್ಕಿತು: ಮೂತಿ ಅದುಮಿಕೊಳ್ಳುವುದರಿಂದ ಕೇಪಿಗೆ ಪೆಟ್ಟು ಬೀಳುವುದಿಲ್ಲ.

ವಿಂಚೆಸ್ಟರ್ ಕಂಪನಿಯೇ ಬ್ರೌನಿಂಗನ ಕೈಯಿಂದ ಮಾಡಿಸಿದ 1895ರ ಪೆಟ್ಟಿಗೆ ಮ್ಯಾಗಜಿನ್ ಮಾದರಿಗೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಮೊದಲ ಮಹಾಯುದ್ಧದಲ್ಲಿ ಸುಮಾರು 2.9 ಲಕ್ಷ ರೈಫಲುಗಳು ರಷ್ಯನ್ ತೋಟಾಕ್ಕೆ ತಕ್ಕಂತೆ ತಯಾರಾಗಿ ಆ ದೇಶಕ್ಕೆ ಹೋದವು. 1904ರಲ್ಲಿ ಬಂದ .405 ವಿಂಚೆಸ್ಟರ್ ಈ ಮಾದರಿಯ ಅತಿ ಬಲಿಷ್ಠ ತೋಟಾ. ಥಿಯೋಡೋರ್ ರೂಸ್‌ವೆಲ್ಟ್ 1909ರ ಪೂರ್ವ ಆಫ್ರಿಕಾ ಪ್ರವಾಸಕ್ಕೆ ಅದನ್ನು ಒಯ್ದಿದ್ದರು. ಕನ್ನಡ ಓದುಗರಿಗೂ ಈ ರೈಫಲು ಪರಿಚಿತವೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತಿದಾಗ ಹಿಡಿದಿರುತ್ತಿದ್ದುದು .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳಾಗಿ ಕನ್ನಡಕ್ಕೆ ತಂದ ಅನುಭವಗಳ ಹಿಂದೆ ಈ ಅಮೆರಿಕನ್ ಲಿವರ್ ರೈಫಲೂ ಇದೆ. ಪೊದೆಯ ಮರೆಯಿಂದ ಹತ್ತಿರದಲ್ಲೇ ಎರಗುವ ಮೃಗದ ಎದುರು ಭಾರವಾದ ಗುಂಡು ಮತ್ತು ಬೇಗನೆ ಬರುವ ಎರಡನೇ ಈಡು, ಎರಡೂ ಬೇಕಾಗಿದ್ದವು. .405 ಎರಡನ್ನೂ ಕೊಟ್ಟಿತು.

ಇಂದಿನ ಲಿವರ್ ರೈಫಲಿನ ಕ್ಯಾಲಿಬರುಗಳು

ಈಗ ಮಾರುಕಟ್ಟೆಯಲ್ಲಿರುವ ಲಿವರ್ ರೈಫಲುಗಳನ್ನು ಮೂರು ಗುಂಪಾಗಿ ನೋಡಬಹುದು. ಮೊದಲನೆಯದು ರಿವಾಲ್ವರ್ ತೋಟಾದವು: .357 ಮ್ಯಾಗ್ನಮ್, .44 ಮ್ಯಾಗ್ನಮ್, .45 ಕೋಲ್ಟ್. ಎರಡನೆಯದು ಮಧ್ಯಮ ಬೇಟೆಯವು: .30-30, .35 ರೆಮಿಂಗ್ಟನ್, .308. ಮೂರನೆಯದು ದೊಡ್ಡ ಗುಂಡಿನವು: .45-70 ಮತ್ತು 1964ರ .444 ಮಾರ್ಲಿನ್. ಇವುಗಳ ಜತೆಗೆ ಗುರಿ ಅಭ್ಯಾಸಕ್ಕೂ ಮೊಲದಂಥ ಸಣ್ಣ ಬೇಟೆಗೂ .22 ರಿಮ್‌ಫೈರ್ ಹಳೆಯ ಕಾಲದಿಂದ ಇದ್ದೇ ಇದೆ.

ಉದ್ದ ನಳಿಗೆಯಿಂದ ಅತಿ ಹೆಚ್ಚು ಲಾಭ ಪಡೆಯುವುದು .357 ಮ್ಯಾಗ್ನಮ್. ಇದು 1935ರಲ್ಲಿ ಸ್ಮಿತ್ ಅಂಡ್ ವೆಸನ್ ರಿವಾಲ್ವರಿನೊಂದಿಗೆ ಬಂತು. 10 ಗ್ರಾಂ ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 375 ಮೀಟರ್ ವೇಗದಲ್ಲಿ ಹೊರಟರೆ, 18 ಅಂಗುಲದ ರೈಫಲ್ ನಳಿಗೆಯಿಂದ ಸುಮಾರು 550 ಮೀಟರ್ ಮುಟ್ಟುತ್ತದೆ. ಮದ್ದು ಉರಿಯಲು ಹೆಚ್ಚು ಸ್ಥಳ ಸಿಗುವುದಲ್ಲದೆ, ರಿವಾಲ್ವರಿನ ಚಕ್ರಕ್ಕೂ ನಳಿಗೆಗೂ ನಡುವಿನ ಬಿರುಕಿನಲ್ಲಿ ಅನಿಲ ಸೋರುವುದೂ ಇಲ್ಲಿಲ್ಲ. ಶಕ್ತಿ ಇಮ್ಮಡಿಗೂ ಹೆಚ್ಚಾಗುತ್ತದೆ. ಅದೇ ರೈಫಲಿನಲ್ಲಿ ಸಾಮಾನ್ಯವಾಗಿ .38 ಸ್ಪೆಷಲನ್ನೂ ಸುಡಬಹುದು; ಸದ್ದು ಕಡಿಮೆ, ಒದೆತ ಕಡಿಮೆ, ಖರ್ಚೂ ಕಡಿಮೆ. 1955ರ .44 ಮ್ಯಾಗ್ನಮ್ ರೈಫಲ್ ನಳಿಗೆಯಲ್ಲಿ ಶಕ್ತಿಯ ಲೆಕ್ಕದಿಂದ .30-30ರ ಹತ್ತಿರ ಬರುತ್ತದೆ. ಆದರೆ ಅದರ ಗಿಡ್ಡ, ಅಗಲ ಗುಂಡು 100 ಮೀಟರ್ ದಾಟಿದ ಮೇಲೆ ಬೇಗ ಕೆಳಕ್ಕಿಳಿಯುತ್ತದೆ.

.45-70 ವಿಚಾರದಲ್ಲಿ ಎಚ್ಚರಿಕೆ ಜೀವ ಉಳಿಸುವ ಮಾತು. ಈ ತೋಟಾದ ಹಳೆಯ ಸೈನಿಕ ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಇನ್ನೂ ಬಳಕೆಯಲ್ಲಿರುವುದರಿಂದ ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ಇದಕ್ಕೆ ಚದರಂಗುಲಕ್ಕೆ 28,000 ಪೌಂಡಿನ ಗರಿಷ್ಠ ಒತ್ತಡ ನಿಗದಿಮಾಡಿದೆ. .30-30ಕ್ಕೆ ಅದು 42,000. ಹೊಸ ಮಾರ್ಲಿನ್ ಅಥವಾ ರೂಗರಿನ ಏಕತೋಟಾ ರೈಫಲಿಗೆಂದು ತಯಾರಾಗುವ ಬಲವಾದ ತುಂಬಿಕೆಗಳನ್ನು ಹಳೆಯ ಬಂದೂಕಿಗೆ ಹಾಕಿದರೆ ಅದು ಒಡೆದುಹೋಗಬಹುದು. ಡಬ್ಬದ ಮೇಲಿನ ಹೆಸರು ಒಂದೇ ಆದರೂ ಒಳಗಿನ ಒತ್ತಡ ಒಂದೇ ಅಲ್ಲ.

ಕಾನೂನೂ ಆಯ್ಕೆಯನ್ನು ತಿರುಗಿಸುತ್ತದೆ. ಓಹಾಯೊ, ಮಿಶಿಗನ್, ಇಂಡಿಯಾನದಂಥ ಸಮತಟ್ಟಾದ, ಜನವಸತಿ ಹೆಚ್ಚಿರುವ ರಾಜ್ಯಗಳಲ್ಲಿ ಗುಂಡು ಬಹುದೂರ ಹಾರಬಾರದೆಂದು ಜಿಂಕೆ ಬೇಟೆಯ ರೈಫಲುಗಳಿಗೆ ನೇರ ಗೋಡೆಯ ಕೇಸಿನ ತೋಟಾ ಮಾತ್ರ ಒಪ್ಪುವ ನಿಯಮಗಳು ಬಂದವು. ಇದರಿಂದ .45-70 ಮತ್ತು .44 ಮ್ಯಾಗ್ನಮಿಗೆ ಹೊಸ ಬೇಡಿಕೆ ಹುಟ್ಟಿತು. 2023ರಲ್ಲಿ ರೆಮಿಂಗ್ಟನ್ ತಂದ .360 ಬಕ್‌ಹ್ಯಾಮರ್ ಈ ನಿಯಮಕ್ಕೆ ಹೊಂದುವಂತೆ .30-30ರ ಕೇಸನ್ನು ನೇರಗೊಳಿಸಿ ಮಾಡಿದ ತೋಟಾ. 2024ರಲ್ಲಿ ಸ್ಮಿತ್ ಅಂಡ್ ವೆಸನ್ 1854 ಎಂಬ ಹೆಸರಿನಲ್ಲಿ .44 ಮ್ಯಾಗ್ನಮ್ ಲಿವರ್ ರೈಫಲು ಹೊರತಂದು ತನ್ನ ಮೂಲಕ್ಕೆ ಮರಳಿತು.

ಗಿಡ್ಡ ಪಿಸ್ತೂಲು: ಯಂತ್ರ ಹಾಕಿದ ಮಿತಿ

ಕಿಸೆಯ ಪಿಸ್ತೂಲಿನ ಚರಿತ್ರೆಯಲ್ಲಿಯೂ ಮೊದಲು ನಿಲ್ಲುವ ಹೆಸರು ಬ್ರೌನಿಂಗನದೇ. ಬೆಲ್ಜಿಯಮ್ಮಿನ ಎಫ್‌ಎನ್ ಕಾರ್ಖಾನೆಗಾಗಿ 1899ರ ಸುಮಾರಿಗೆ ಅವನು ರೂಪಿಸಿದ ಪಿಸ್ತೂಲಿನೊಂದಿಗೆ .32 ಎಸಿಪಿ ಬಂತು. ಅದರ ಬೆನ್ನಿಗೆ .25 ಎಸಿಪಿ, 1908ರಲ್ಲಿ .380 ಎಸಿಪಿ ಹುಟ್ಟಿದವು. ಈ ಪಿಸ್ತೂಲುಗಳಲ್ಲಿ ನಳಿಗೆಗೂ, ಸುಟ್ಟಾಗ ಹಿಂದಕ್ಕೆ ಸರಿದು ಮರಳುವ ಮೇಲ್ಭಾಗವಾದ ಸ್ಲೈಡಿಗೂ ಬೀಗವಿಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗಿತ ಮಾತ್ರವೇ, ಗುಂಡು ನಳಿಗೆ ಬಿಡುವವರೆಗೆ ಕೇಸನ್ನು ಒಳಗೆ ಹಿಡಿದಿಡುತ್ತವೆ. ತೋಟಾ ಬಲವಾದಷ್ಟೂ ಸ್ಲೈಡ್ ಭಾರವಾಗಬೇಕು. ಕಿಸೆಗೆ ಹಿಡಿಸುವ ಗಾತ್ರದಲ್ಲಿ ಈ ಏರ್ಪಾಡು ತಾಳುವುದು .380ವರೆಗೆ. 1931ರ ವಾಲ್ಟರ್ ಪಿಪಿಕೆ ಕೂಡ .32 ಮತ್ತು .380ರಲ್ಲೇ ನಿಂತದ್ದು ಇದರಿಂದ.

ಈ ಪುಟ್ಟ ತೋಟಾಗಳನ್ನು ಆಟಿಕೆಯಂತೆ ಕಾಣುವುದು ತಪ್ಪು. 1914ರಲ್ಲಿ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನೂ ಅವನ ಪತ್ನಿಯನ್ನೂ ಕೊಂದದ್ದು .380 ಎಸಿಪಿಯ ಎಫ್‌ಎನ್ ಪಿಸ್ತೂಲು. ಕೊಲ್ಲುವ ಸಾಮರ್ಥ್ಯ ಎಲ್ಲ ತೋಟಾಗಳಿಗೂ ಇದೆ. ಆತ್ಮರಕ್ಷಣೆಯ ಆಯುಧ ಆರಿಸುವವರು ಕೇಳುವ ಪ್ರಶ್ನೆ ಬೇರೆ: ನಡೆಯುತ್ತಿರುವ ದಾಳಿಯನ್ನು ಅದು ತಕ್ಷಣ ನಿಲ್ಲಿಸಬಲ್ಲದೆ?

ಇನ್ನೊಂದು ಹಾದಿ ಗಿಡ್ಡ ರಿವಾಲ್ವರಿನದು. ಸ್ಮಿತ್ ಅಂಡ್ ವೆಸನ್ 1950ರಲ್ಲಿ ತಂದ ಐದು ತೋಟಾದ ಚೀಫ್ಸ್ ಸ್ಪೆಷಲ್ .38 ಸ್ಪೆಷಲನ್ನು ಕಿಸೆಯ ಗಾತ್ರಕ್ಕಿಳಿಸಿತು. ಮ್ಯಾಗಜಿನ್ ಇಲ್ಲ, ಸ್ಲೈಡ್ ಇಲ್ಲ, ಸಿಕ್ಕಿಕೊಳ್ಳುವುದು ವಿರಳ. ಆದರೆ ಅದರ ಟ್ರಿಗರ್ ಎಳೆತ ಉದ್ದ ಮತ್ತು ಬಿಗಿ, ಗುರಿ ನೋಡುವ ಅಂತರ ಕಿರಿದು. ಹೊಸಬರ ಕೈಗೆ ಸುಲಭವಾಗಿ ಕಂಡರೂ ನಿಖರವಾಗಿ ಸುಡಲು ಹೆಚ್ಚು ಅಭ್ಯಾಸ ಬೇಡುವ ಆಯುಧವಿದು.

ತಡೆಯುವ ಬಲ ಕುರಿತ ವಾದ

ಫಿಲಿಪೀನ್ಸಿನ ಯುದ್ಧದಲ್ಲಿ .38 ಲಾಂಗ್ ಕೋಲ್ಟ್ ರಿವಾಲ್ವರು ಎದುರಾಳಿಯನ್ನು ತಡೆಯುತ್ತಿಲ್ಲವೆಂಬ ದೂರು ಬಂದ ಮೇಲೆ ಅಮೆರಿಕದ ಸೈನ್ಯ 1904ರಲ್ಲಿ ಜಾನ್ ಥಾಂಪ್ಸನ್ ಮತ್ತು ವೈದ್ಯ ಲೂಯಿಸ್ ಲಗಾರ್ಡ್ ಅವರಿಂದ ಪರೀಕ್ಷೆ ಮಾಡಿಸಿತು. ದನಗಳ ಮೇಲೆಯೂ ಶವಗಳ ಮೇಲೆಯೂ ನಡೆಸಿದ ಆ ಕ್ರೂರ ಪರೀಕ್ಷೆಗಳ ಕೊನೆಗೆ ಸೈನ್ಯದ ಕೈಬಂದೂಕು .45ಕ್ಕಿಂತ ಸಣ್ಣದಿರಬಾರದು ಎಂಬ ಶಿಫಾರಸು ಬಂತು. .45 ಎಸಿಪಿ ಮತ್ತು 1911ರ ಕೋಲ್ಟ್ ಪಿಸ್ತೂಲಿಗೆ ಇದು ಬುನಾದಿ. ಯೂರೋಪು ಮಾತ್ರ ಜಾರ್ಜ್ ಲೂಗರ್ 1902ರಲ್ಲಿ ರೂಪಿಸಿದ 9 ಮಿ.ಮೀ. ಕಡೆಗೆ ವಾಲಿತು.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತು ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಆರಂಭದಲ್ಲೇ ತಗುಲಿದ 9 ಮಿ.ಮೀ. ಗುಂಡು ಹೃದಯ ಮುಟ್ಟುವ ಮುನ್ನ ನಿಂತುಹೋಗಿತ್ತು, ಅವನು ಸುಡುತ್ತಲೇ ಇದ್ದ. ಆ ಬಳಿಕ ಎಫ್‌ಬಿಐ ಜೆಲಟಿನ್ ಗಟ್ಟಿಯಲ್ಲಿ ಗುಂಡು ಎಷ್ಟು ಆಳ ಹೋಗುತ್ತದೆಂದು ಅಳೆಯುವ ಕ್ರಮ ರೂಪಿಸಿತು. ಕನಿಷ್ಠ 30 ಸೆಂ.ಮೀ., ಗರಿಷ್ಠ 45 ಸೆಂ.ಮೀ. ಎಂಬ ಅಳತೆ ಅಂದಿನಿಂದ ಬಳಕೆಯಲ್ಲಿದೆ. ಕಡಿಮೆಯಾದರೆ ಮರ್ಮಸ್ಥಾನ ಮುಟ್ಟದು, ಹೆಚ್ಚಾದರೆ ಹಿಂದಿರುವ ನಿರಪರಾಧಿಗೆ ತಾಗೀತು. ಸಂಸ್ಥೆ ಮೊದಲು 10 ಮಿ.ಮೀ. ತೋಟಾಕ್ಕೂ, ಅದರಿಂದ ಹುಟ್ಟಿ 1990ರಲ್ಲಿ ಬಂದ .40 ಸ್ಮಿತ್ ಅಂಡ್ ವೆಸನ್‌ಗೂ ಹೋಯಿತು. 2014ರ ವೇಳೆಗೆ ಅದೇ ಸಂಸ್ಥೆಯ ತರಬೇತಿ ವಿಭಾಗ ಮತ್ತೆ 9 ಮಿ.ಮೀ. ಪರವಾಗಿ ವಾದಿಸಿತು. ನಡುವಿನ ವರ್ಷಗಳಲ್ಲಿ ಗುಂಡುಗಳ ರಚನೆ ಸುಧಾರಿಸಿತ್ತು. ಕಡಿಮೆ ಒದೆತದ ತೋಟಾದಿಂದ ಹೆಚ್ಚಿನವರು ವೇಗವಾಗಿಯೂ ಗುರಿತಪ್ಪದೆಯೂ ಸುಡುತ್ತಾರೆ ಎಂಬುದು ಅದರ ಮುಖ್ಯ ಕಾರಣ. ಶತಮಾನದ ವಾದ ಗುಂಡಿನ ಅಗಲದಿಂದ ಹೊರಟು ಸುಡುವವನ ಕೈಗೆ ಬಂದು ನಿಂತಿತು.

ಸಣ್ಣ ಮೈಯಲ್ಲಿ 9 ಮಿ.ಮೀ.

ಸುಡುವ ಕ್ಷಣದಲ್ಲಿ ನಳಿಗೆ ಮತ್ತು ಸ್ಲೈಡ್ ಬೀಗ ಹಾಕಿಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದೆ ಸರಿಯುವ ಏರ್ಪಾಡನ್ನು ಪುಟ್ಟ ಪಿಸ್ತೂಲಿಗೆ ಇಳಿಸಿದಾಗ ಹಳೆಯ ಮಿತಿ ಕಳಚಿತು. 1994ರಲ್ಲಿ ಅಮೆರಿಕದ ಕೇಂದ್ರ ಕಾನೂನು ಹೊಸ ಮ್ಯಾಗಜಿನ್ನುಗಳನ್ನು 10 ತೋಟಾಕ್ಕೆ ಸೀಮಿತಗೊಳಿಸಿದ್ದೂ ಇದಕ್ಕೆ ಒತ್ತು ಕೊಟ್ಟಿತು. ದೊಡ್ಡ ಹಿಡಿಯಿಂದ ಲಾಭವಿಲ್ಲದಾಗ ತಯಾರಕರು ಪಿಸ್ತೂಲನ್ನೇ ಕಿರಿದುಗೊಳಿಸಿದರು. ಗ್ಲಾಕ್ 26 ಆ ಕಾಲದ್ದು. 2012ರ ಸ್ಮಿತ್ ಅಂಡ್ ವೆಸನ್ ಶೀಲ್ಡ್, 2015ರ ಗ್ಲಾಕ್ 43 ಒಂಟಿ ಸಾಲಿನ ಮ್ಯಾಗಜಿನ್ನಿನಿಂದ ತೆಳುವಾದವು. 2018ರ ಸಿಗ್ ಪಿ365 ಅರ್ಧ ಕಿಲೋ ತೂಕದಲ್ಲೇ 10 ತೋಟಾ ಹಿಡಿಸಿ ಇಡೀ ಉದ್ಯಮದ ದಿಕ್ಕು ಬದಲಿಸಿತು.

ಆದರೂ ಗಿಡ್ಡ ನಳಿಗೆಗೆ ತೆರಬೇಕಾದ ಬೆಲೆ ಇದ್ದೇ ಇದೆ. ನಳಿಗೆ ಮೂರು ಅಂಗುಲಕ್ಕಿಳಿದಾಗ ಗುಂಡಿನ ವೇಗ ಕುಗ್ಗುತ್ತದೆ. ತಾಗಿದಾಗ ಅರಳಲೆಂದು ಮಾಡಿದ ಟೊಳ್ಳುಮೂತಿ ಗುಂಡಿಗೆ ಒಂದು ಕನಿಷ್ಠ ವೇಗ ಬೇಕು, ಅದಿಲ್ಲದಿದ್ದರೆ ಅದು ಅರಳುವುದಿಲ್ಲ. .380ರಲ್ಲಿ ಈ ಇಕ್ಕಟ್ಟು ತೀವ್ರ: ಗುಂಡು ಅರಳಿದರೆ ಆಳ ಸಾಲದು, ಆಳ ಹೋದರೆ ಅರಳಿರದು. ಅತ್ತ 2008ರ ರೂಗರ್ ಎಲ್‌ಸಿಪಿಯಂಥ .380 ಪಿಸ್ತೂಲು 300 ಗ್ರಾಮಿಗಿಂತ ಹಗುರ. ಬೇಸಗೆಯ ತೆಳು ಉಡುಪಿನಲ್ಲೂ ಮರೆಯಾಗಿ ಉಳಿಯುತ್ತದೆ. ಕೈಯ ಬಲ ಕಡಿಮೆ ಇರುವವರಿಗೆ ಬೀಗವಿರುವ, ಸ್ವಲ್ಪ ದೊಡ್ಡ ಮೈಯ .380 ಪಿಸ್ತೂಲಿನ ಸ್ಲೈಡ್ ಎಳೆಯುವುದು ಸುಲಭ. ಅದೇ ತೋಟಾವನ್ನು ತೀರ ಪುಟ್ಟ ಪಿಸ್ತೂಲಿಗೆ ಹಾಕಿದರೆ ಒದೆತ ಚುರುಕಾಗಿ ಬೆರಳಿಗೆ ಪೆಟ್ಟು ಕೊಡುತ್ತದೆ.

ಅಂಕಿಗಳ ನೋಟ

ಸಾಮಾನ್ಯ ಕಾರ್ಖಾನೆ ತುಂಬಿಕೆಗಳ ಅಂದಾಜು ಅಂಕಿಗಳಿವು. ಗುಂಡು ಮತ್ತು ನಳಿಗೆಗೆ ಅನುಗುಣವಾಗಿ ಹೆಚ್ಚುಕಡಿಮೆಯಾಗುತ್ತವೆ.

| ತೋಟಾ | ಬಂದ ಕಾಲ | ಗುಂಡು (ಗ್ರಾಂ) | ವೇಗ (ಮೀ./ಸೆ.) | ಶಕ್ತಿ (ಜೂಲ್) |
|---|---|---|---|---|
| .32 ಎಸಿಪಿ | 1899 | 4.6 | 275 | 175 |
| .380 ಎಸಿಪಿ | 1908 | 6.2 | 290 | 260 |
| .38 ಸ್ಪೆಷಲ್ | 1898 | 10.2 | 230 | 270 |
| 9 ಮಿ.ಮೀ. ಲೂಗರ್ | 1902 | 7.5 | 350 | 460 |
| .45 ಎಸಿಪಿ | 1905 | 14.9 | 260 | 500 |
| .357 ಮ್ಯಾಗ್ನಮ್, ರಿವಾಲ್ವರ್ | 1935 | 10.2 | 375 | 720 |
| .357 ಮ್ಯಾಗ್ನಮ್, ರೈಫಲು | 1935 | 10.2 | 550 | 1,540 |
| .45-70, ಮೂಲ ತುಂಬಿಕೆ | 1873 | 26.2 | 405 | 2,150 |
| .44 ಮ್ಯಾಗ್ನಮ್, ರೈಫಲು | 1955 | 15.6 | 535 | 2,230 |
| .30-30 | 1895 | 11.0 | 670 | 2,470 |
| .308 ವಿಂಚೆಸ್ಟರ್ | 1952 | 9.7 | 860 | 3,590 |
| .405 ವಿಂಚೆಸ್ಟರ್ | 1904 | 19.4 | 670 | 4,350 |

ಶಕ್ತಿಯ ಅಂಕಿ ಒಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಹಗುರವಾದ ವೇಗದ ಗುಂಡಿಗೆ ಅದು ಹೆಚ್ಚು ಮನ್ನಣೆ ಕೊಡುತ್ತದೆ. ದೊಡ್ಡ ಮೃಗದ ಮೂಳೆ ಮುರಿದು ಒಳಸಾಗಲು ಗುಂಡಿನ ತೂಕ ಮತ್ತು ರಚನೆಯೂ ಮುಖ್ಯ. .45-70 ನೂರೈವತ್ತು ವರ್ಷಗಳಿಂದ ಬೇಟೆಗಾರರ ವಿಶ್ವಾಸ ಉಳಿಸಿಕೊಂಡಿರುವುದಕ್ಕೆ ಇದೇ ಕಾರಣ.

ಜೋಡಿ ಕ್ಯಾಲಿಬರ್ ಈಗಲೂ ಸರಿಯೇ?

1873ರ ಜೋಡಿ ಆಯುಧದ ಕಲ್ಪನೆ ಇಂದಿಗೂ ಆಕರ್ಷಕ. .357 ಮ್ಯಾಗ್ನಮಿನ ಲಿವರ್ ರೈಫಲು, ಅದೇ ತೋಟಾದ ರಿವಾಲ್ವರು ಇಟ್ಟುಕೊಂಡರೆ ಒಂದೇ ಬಗೆಯ ತೋಟಾ ಸಂಗ್ರಹಿಸಿದರೆ ಸಾಕು. 2007ರ ಸುಮಾರಿಗೆ ಬಂದ .327 ಫೆಡರಲ್ ಮ್ಯಾಗ್ನಮ್ ಕೂಡ ಗಿಡ್ಡ ರಿವಾಲ್ವರಿಗೂ ಲಿವರ್ ರೈಫಲಿಗೂ ಸಿಗುತ್ತದೆ. ಆದರೆ ಮೈಮೇಲೆ ಒಯ್ಯುವ ಆಯುಧವಾಗಿ ರಿವಾಲ್ವರಿನ ಸ್ಥಾನವನ್ನು 9 ಮಿ.ಮೀ. ಪಿಸ್ತೂಲು ಬಹುಮಟ್ಟಿಗೆ ಪಡೆದಿದೆ. ಮೇಲಾಗಿ, ಹಗುರ ರಿವಾಲ್ವರಿನಲ್ಲಿ ಪೂರ್ಣ ಬಲದ .357 ತೋಟಾದ ಒದೆತವೂ ಬೆಂಕಿಯ ಹೊಳಪೂ ಅಭ್ಯಾಸಕ್ಕೇ ಅಡ್ಡಿಯಾಗುತ್ತವೆ. ರೈಫಲಿಗೆ ಜಿಂಕೆಯ ತೋಟಾ, ಪಿಸ್ತೂಲಿಗೆ ರಕ್ಷಣೆಯ ತೋಟಾ ಬೇರೆಬೇರೆಯಾಗಿ ಆರಿಸುವುದೇ ಈಗ ಹೆಚ್ಚಿನವರಿಗೆ ಯೋಗ್ಯ.

ಭಾರತದಲ್ಲಿ

ಭಾರತದಲ್ಲಿ ಕ್ಯಾಲಿಬರ್ ಆಯ್ಕೆಗೆ ಮುಂಚೆ ಕಾನೂನು ಬರುತ್ತದೆ, ಇದು ಬ್ರಿಟಿಷರ ಕಾಲದಿಂದ ಬಂದ ರೂಢಿ. ಸರ್ಕಾರಿ ತೋಟಾ ಬಂಡುಕೋರರ ಕೈಸೇರಬಾರದೆಂದು 1907ರ ಸುಮಾರಿಗೆ .450 ಕ್ಯಾಲಿಬರನ್ನು ಇಲ್ಲಿ ನಿಷೇಧಿಸಿದಾಗ ಇಂಗ್ಲೆಂಡಿನ ಬಂದೂಕು ತಯಾರಕರು .465, .470ರಂಥ ಹೊಸ ಬೇಟೆ ತೋಟಾಗಳನ್ನು ಹುಟ್ಟಿಸಿದರು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ .303 ರೈಫಲು, 9 ಮಿ.ಮೀ. ಪಿಸ್ತೂಲು, .455 ರಿವಾಲ್ವರುಗಳಂಥ ಸೈನ್ಯ ಮತ್ತು ಪೊಲೀಸ್ ಬಳಕೆಯ ಕ್ಯಾಲಿಬರುಗಳು ನಿಷೇಧಿತ ಬೋರ್ ಎನಿಸಿಕೊಂಡಿವೆ. ಆದ್ದರಿಂದ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪಿಸ್ತೂಲ್ ತೋಟಾ ಇಲ್ಲಿನ ಸಾಮಾನ್ಯ ಪರವಾನಗಿದಾರನಿಗೆ ಸಿಗುವುದಿಲ್ಲ. ಅವನ ಪಾಲಿಗೆ ಹೆಚ್ಚಾಗಿ ಇರುವುದು .32. ಆರ್ಡ್‌ನನ್ಸ್ ಕಾರ್ಖಾನೆಗಳ ಅಶನಿ ಪಿಸ್ತೂಲು .32 ಎಸಿಪಿಯದು, .32 ರಿವಾಲ್ವರು ಉದ್ದನೆಯ ಸ್ಮಿತ್ ಅಂಡ್ ವೆಸನ್ ತೋಟಾದ್ದು. ಕಾನ್ಪುರದಲ್ಲಿ 2014ರಲ್ಲಿ ಮಹಿಳೆಯರಿಗೆಂದು ಹೊರತಂದ ಹಗುರವಾದ ನಿರ್ಭೀಕ್ ಕೂಡ .32. ರೈಫಲಿನಲ್ಲಿ .303ಕ್ಕೆ ಬದಲಾಗಿ .315 ಬಳಕೆಗೆ ಬಂದಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಬೇಟೆಯ ರೈಫಲಿಗೆ ಇಲ್ಲಿ ಹಿಂದಿನ ಅರ್ಥ ಉಳಿದಿಲ್ಲ. ಆದರೆ ಕೊಡಗಿನಲ್ಲಿ ಕೋವಿಗೆ ಸಾಂಸ್ಕೃತಿಕ ಸ್ಥಾನವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿದಿದೆ.

ಆಯ್ಕೆಯ ಕ್ರಮ

ಎರಡು ಆಯುಧಗಳ ಈ ಚರಿತ್ರೆಯಿಂದ ಆಯ್ಕೆಯ ಒಂದು ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಕಾನೂನು ಯಾವುದನ್ನು ಒಪ್ಪುತ್ತದೆಂದು ನೋಡಬೇಕು. ಆಮೇಲೆ ಕೆಲಸ: ಎಷ್ಟು ದೂರ, ಎಂಥ ಗುರಿ, ಗುರಿಯ ಹಿಂದೆ ಏನಿದೆ. ಮೂರನೆಯದು ಯಂತ್ರ: ಅದರ ಬೀಗ, ಮ್ಯಾಗಜಿನ್, ನಳಿಗೆಯ ಉದ್ದ, ತಡೆಯಬಲ್ಲ ಒತ್ತಡ. ನಾಲ್ಕನೆಯದು ಸುಡುವವರ ಕೈ ಮತ್ತು ಹೆಗಲು ಹೆದರಿಕೆಯಿಲ್ಲದೆ ತಾಳಬಲ್ಲ ಒದೆತ. ಐದನೆಯದು ತೋಟಾ ಊರಲ್ಲಿ ಸಿಗುತ್ತದೆಯೆ, ವರ್ಷವಿಡೀ ಅಭ್ಯಾಸ ಮಾಡುವಷ್ಟು ಅಗ್ಗವೆ ಎಂಬುದು. ಇವೆಲ್ಲ ತೀರ್ಮಾನವಾದ ಮೇಲೆ ಉಳಿಯುವ ಎರಡು ಮೂರು ಕ್ಯಾಲಿಬರುಗಳ ನಡುವಿನ ವ್ಯತ್ಯಾಸ ಸಣ್ಣದು.

ಬಹಳ ಮಂದಿ ಈ ಕ್ರಮವನ್ನು ತಲೆಕೆಳಗು ಮಾಡಿ ಅತಿ ಬಲದ ತೋಟಾದಿಂದ ಆರಂಭಿಸುತ್ತಾರೆ. ಹಾಗೆ ಕೊಂಡ ಬಂದೂಕಿನ ಒದೆತಕ್ಕೆ ಅಂಜಿ ಅಭ್ಯಾಸ ಬಿಡುತ್ತಾರೆ. ಅಭ್ಯಾಸವಿಲ್ಲದವನ ಕೈಯ ದೊಡ್ಡ ಕ್ಯಾಲಿಬರು ಕಾಡಿನಲ್ಲಿ ಮೃಗವನ್ನು ಗಾಯಗೊಳಿಸಿ ನರಳಿಸುತ್ತದೆ, ಬೀದಿಯಲ್ಲಿ ದಾರಿಹೋಕನ ಜೀವಕ್ಕೆ ಎರವಾಗುತ್ತದೆ. ನಳಿಗೆಯಿಂದ ಹೊರಟ ಪ್ರತಿ ಗುಂಡಿನ ಹೊಣೆ ಸುಟ್ಟವನದು. ಆ ಹೊಣೆಯನ್ನು ಪೂರ್ತಿಯಾಗಿ ಹೊರಬಲ್ಲಷ್ಟು ನಿಖರವಾಗಿ ಯಾವ ತೋಟಾವನ್ನು ಸುಡಬಲ್ಲನೋ, ಅವನಿಗೆ ಅದೇ ಸರಿಯಾದ ಕ್ಯಾಲಿಬರ್.